ಎಂಜಲಿನ ಅಪವಾದ

ನಮ್ಮತ್ತೆಯ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸುವಂತಿರಲಿಲ್ಲ. ನೀರಾಗಲಿ ಕಾಫಿಯಾಗಲಿ, ತಲೆಯೆತ್ತಿ ಬಾಯಿಗೆ ಸುರಿದುಕೊಳ್ಳಬೇಕು. ಬಿಸಿ ಕಾಫಿಯನ್ನು ಎತ್ತಿ ಕುಡಿಯುವ ವಿದ್ಯೆ ನನಗೆ ಒಲಿಯಲೇ ಇಲ್ಲ. ಮದುವೆಯಾಗಿ ಕುಂಸಿಯಿಂದ ಭದ್ರಾವತಿಯ ಓಲ್ಡ್ ಟೌನಿಗೆ ಬಂದ ಹೊಸದರಲ್ಲಿ ಎಷ್ಟು ಸೀರೆಗಳ ಮೇಲೆ ಚೆಲ್ಲಿಕೊಂಡೆನೋ! ಕೊನೆಗೊಂದು ದಿನ ತುಟಿಯಿಟ್ಟೇ ಕುಡಿದು, ಲೋಟವನ್ನು ನಾನೇ ತೊಳೆದಿಟ್ಟೆ. ಕದ್ದುಮುಚ್ಚಿ ಅಲ್ಲ, ಅತ್ತೆಯ ಎದುರಿಗೇ.

ಮಗಳಿಗೆ ಹಲ್ಲು ಬಂದ ಮೇಲೆ ಅವಳಿಗೆ ನನ್ನ ತಟ್ಟೆಯಲ್ಲೇ ಊಟ. ಅಕ್ಕಿರೊಟ್ಟಿಯನ್ನು ನಾನು ಕಚ್ಚಿ ನೋಡಿ, ಖಾರವಿಲ್ಲದಿದ್ದರೆ ಉಳಿದರ್ಧ ಅವಳ ಬಾಯಿಗೆ. ಅತ್ತೆ ಮುಖ ತಿರುಗಿಸುತ್ತಿದ್ದರು. ಮಧ್ಯಾಹ್ನ ನಾನು ಹೊಲಿಗೆ ಕಲಿಸಲು ಹೋಗುತ್ತಿದ್ದೆ. ಆಗ ಮಗು, ಎಲೆಯಡಿಕೆ ಮೆಲ್ಲುತ್ತಾ ಕೂತ ಅವರ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಮೂರು ವರ್ಷ ತುಂಬುವಷ್ಟರಲ್ಲಿ ಮಗಳ ಮುಂದಿನ ಹಲ್ಲುಗಳು ಬುಡದಿಂದ ಕಪ್ಪಾದವು. ಅತ್ತೆ ಹಿಂದೆಮುಂದೆ ನೋಡದೆ ತೀರ್ಪು ಕೊಟ್ಟರು.

"ನಿನ್ನ ಎಂಜಲೇ ಕಣೇ ಮಾರಾಯ್ತಿ. ತಾಯಿ ಬಾಯಿ ಹೊಲಸು, ಮಗು ಬಾಯಿಗೆ ಬಂತು."

ಬಂದ ನೆಂಟರಿಗೆಲ್ಲ ಮಗುವಿನ ತುಟಿ ಎತ್ತಿ ತೋರಿಸಿ ಇದನ್ನೇ ಹೇಳಿದರು. ಮಗುವಿಗೆಂದು ಬೇರೆಯೇ ಒಂದು ಪುಟ್ಟ ಸ್ಟೀಲ್ ತಟ್ಟೆ ಬಂತು. ಇನ್ನು ಮೇಲೆ ಊಟ ಮಾಡಿಸುವುದು ತಾವೇ ಎಂದರು. ನನ್ನ ಮಗಳಿಗೆ ನಾನು ತುತ್ತು ಕೊಡುವಂತಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಗಂಡನನ್ನು ಕೇಳಿದರೆ, "ಸ್ವಲ್ಪ ದಿನ ಸುಮ್ನಿರು" ಎಂದರು. ನಾನು ಸುಮ್ಮನಿರಲಿಲ್ಲ.

"ಶಿವಮೊಗ್ಗಕ್ಕೆ ಹಲ್ಲಿನ ಡಾಕ್ಟರ ಹತ್ರ ಹೋಗ್ತೀನಿ. ನೀವೂ ಬನ್ನಿ ಅತ್ತೆ. ನನ್ನ ತಪ್ಪು ಅಂತ ಅವರು ಹೇಳಿದ್ರೆ ನಿಮ್ಮ ಕಿವಿಯಲ್ಲೇ ಕೇಳಿ" ಎಂದೆ. ಅವರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಗೆದ್ದವರ ಹಾಗೆಯೇ ಬಂದರು.

ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು. ಮಗುವಿನ ಬಾಯಿ ನೋಡಿ, "ಹಲ್ಲು ಹಾಳುಮಾಡೋ ಕ್ರಿಮಿಗಳು ಎಲ್ಲರ ಬಾಯಲ್ಲೂ ಇರ್ತಾವೆ. ಮಗುವಿಗೆ ಅವು ಹೆಚ್ಚಾಗಿ ತಾಯಿಯಿಂದಲೇ ಬರ್ತಾವೆ" ಎಂದರು.

"ಕೇಳಿದ್ಯಾ?" ಎಂದರು ಅತ್ತೆ.

"ಹಾಗಾದ್ರೆ ನನ್ನ ಬಾಯಿನೂ ನೋಡಿ" ಎಂದು ನಾನೇ ಆ ಕುರ್ಚಿ ಹತ್ತಿ ಬಾಯಿ ತೆರೆದೆ. ಒಂದೂ ಹುಳುಕಿರಲಿಲ್ಲ. ಡಾಕ್ಟರು ನಕ್ಕರು.

"ಕ್ರಿಮಿ ಇದ್ದ ಮಾತ್ರಕ್ಕೆ ಹಲ್ಲು ತೂತಾಗಲ್ಲಮ್ಮ. ಅವಕ್ಕೆ ಪದೇಪದೇ ಸಿಹಿ ಸಿಗಬೇಕು. ಆಗ ಹುಳಿ ಬಿಡ್ತಾವೆ, ಹಲ್ಲು ಕರಗುತ್ತೆ. ನಿದ್ದೇಲಿ ಜೊಲ್ಲು ಕಡಿಮೆ, ತೊಳೆದು ಹೋಗೋದೂ ಇಲ್ಲ." ಮಗುವಿನ ಕಡೆ ಬಗ್ಗಿ, "ಪುಟ್ಟಿ, ಮಲಗೋವಾಗ ಬಾಯಲ್ಲಿ ಏನಿಟ್ಕೋತೀಯ?" ಎಂದು ಕೇಳಿದರು.

"ಅಜ್ಜಿ ಬಾಯಿಂದ ಎಲೆ ತೆಗ್ದು ಜೋನಿಬೆಲ್ಲ ಹಚ್ಚಿ ಕೊಡ್ತಾರೆ. ಚೀಪ್ತಾ ಮಲಗ್ತೀನಿ."

ನಾನು ಅತ್ತೆಯನ್ನೇ ನೋಡಿದೆ. ಲೋಟಕ್ಕೆ ತುಟಿ ತಾಗಿಸದವರು!

"ವೀಳ್ಯದೆಲೆಗೆ ಎಂಥಾ ಎಂಜಲು?" ಎಂದರು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಬನ್ನಿ ಅತ್ತೆ, ನೀವೂ ಬಾಯಿ ತೋರಿಸಿ" ಎಂದೆ. ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೊರಗಿನ ಬೆಂಚಿನಲ್ಲಿ ಹೋಗಿ ಕೂತರು. ನನಗೆ ಪಾಪ ಎನಿಸಲಿಲ್ಲ. ನೆಂಟರ ಮುಂದೆ ನನ್ನ ಬಾಯನ್ನು ಹೊಲಸು ಎಂದಾಗ ಅವರಿಗೂ ಅನಿಸಿರಲಿಲ್ಲ.

ಡಾಕ್ಟರು ಮಗುವಿನ ಹಲ್ಲು ತುಂಬಿಸಲು ಮತ್ತೆ ಬರಹೇಳಿದರು. ಮಲಗುವ ಮುಂಚೆ ನಾನೇ ಬ್ರಷ್ ಮಾಡಿಸಬೇಕು, ಆಮೇಲೆ ನೀರು ಬಿಟ್ಟು ಬೇರೇನೂ ಬೇಡ ಎಂದರು. ರೊಟ್ಟಿ ಕಚ್ಚಿ ಕೊಡುವ ಅಭ್ಯಾಸವನ್ನೂ ಬಿಟ್ಟರೆ ಒಳ್ಳೆಯದು ಎಂದರು. ಅದಕ್ಕೆ ಒಪ್ಪಿದೆ. ಡಾಕ್ಟರು ಹೇಳಿದ್ದು ಬೇರೆ, ಅತ್ತೆ ಹೇಳಿದ್ದು ಬೇರೆ.

ಮನೆಗೆ ಬಂದು ರೊಟ್ಟಿ ತಟ್ಟಿದೆ. ನಡುಮನೆಯಲ್ಲಿ ಕೂತು ಮಗಳನ್ನು ಕರೆದೆ. ಅವಳು ಅಭ್ಯಾಸದಂತೆ ತನ್ನ ಪುಟ್ಟ ತಟ್ಟೆಯನ್ನು ಎದೆಗವಚಿಕೊಂಡು ಬಂದಳು. ಅದನ್ನು ತೆಗೆದುಕೊಂಡು ತೊಳೆದು ಒರೆಸಿ, ಎಲೆ, ಅಡಿಕೆ, ಸುಣ್ಣ ಜೋಡಿಸಿ ಅತ್ತೆಯ ಮುಂದಿಟ್ಟೆ.

"ಇದು ಇನ್ನು ನಿಮ್ದು ಅತ್ತೆ. ಇದರಲ್ಲಿರೋದನ್ನ ನೀವೊಬ್ಬರೇ ತಿನ್ನಿ."

ಮಗಳು ನನ್ನ ತೊಡೆಗೆ ಒರಗಿ ನನ್ನ ತಟ್ಟೆಗೆ ಕೈಹಾಕಿದಳು.