ಸೀಮೆಎಣ್ಣೆಯಲ್ಲಿ ತೊಳೆದ ರಬ್ಬರು

ನಾನು ತೀರ್ಥಹಳ್ಳಿ ಕಡೆಯ ಪೂಜೆಯ ಮನೆತನದವನು. ಗಂಟೆ ಬಿಟ್ಟು ಲಾರಿಯ ಸ್ಟೇರಿಂಗ್ ಹಿಡಿದೆನೆಂದು ಅಪ್ಪ ಆರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು. ಅಮ್ಮ ಮಾತು ಬಿಡಲಿಲ್ಲ, ಆದರೆ ಮನೆಯೊಳಗೆ ಕಾಲಿಡುವ ಮುಂಚೆ ಎರಡು ಸಲ ಕೈಕಾಲು ತೊಳೆಸುತ್ತಿದ್ದಳು. ಅಂಗಡಿಯಿಂದ ಬಂದ ಸಕ್ಕರೆ ಕರಗದಿದ್ದರೆ ಅದನ್ನೂ ತೊಳೆದೇ ಡಬ್ಬಿಗೆ ತುಂಬುತ್ತಿದ್ದಳೇನೋ. ಆ ತೊಳೆಯುವ ಚಾಳಿ ನನಗೂ ಬಂದಿತ್ತು. ನನ್ನ ಲಾರಿಯ ಎಂಜಿನ್ನಿನ ಮೇಲೆ ಎಲೆ ಹಾಕಿ ಊಟ ಮಾಡಬಹುದು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಲಾರಿ ಯುದ್ಧದ ಕಾಲದ್ದು. ಮಿಲಿಟರಿಯವರು ಹರಾಜಿಗೆ ಹಾಕಿದ್ದು ಮೂರ್ನಾಲ್ಕು ಕೈ ದಾಟಿ ನನ್ನ ಕೈಗೆ ಬಂದಿತ್ತು. ಅರವತ್ತರ ದಶಕದ ನಡುವಿನ ಮಾತು. ಹೊಳೆಗೆ ಅಣೆಕಟ್ಟು ಎದ್ದು, ಸಾಗರದ ಆಚೆ ಹಿನ್ನೀರಿನಲ್ಲಿ ಮುಳುಗಲಿದ್ದ ಊರುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಜನ ಮನೆ ಬಿಚ್ಚಿ, ಹೆಂಚು, ಮರ, ಬಾಗಿಲು ಎಲ್ಲವನ್ನೂ ಹೊಸನಗರದ ಕಡೆ ಕಾಡು ಕಡಿದು ಕೊಟ್ಟ ಜಾಗಕ್ಕೆ ಸಾಗಿಸುತ್ತಿದ್ದರು. ನನಗೆ ಬಿಡುವಿಲ್ಲದಷ್ಟು ಕೆಲಸ.

ಗೇಣಿ ಮಾಡಿಕೊಂಡಿದ್ದ ಒಬ್ಬ ರೈತನ ಮನೆಯನ್ನು ಮೂರು ಟ್ರಿಪ್ಪಿನಲ್ಲಿ ಮುಟ್ಟಿಸುತ್ತೇನೆಂದು ಒಪ್ಪಿಕೊಂಡಿದ್ದೆ. ಮೊದಲ ಟ್ರಿಪ್ಪಿಗೆ ಅವನ ಹೆಂಡತಿ, ತಾಯಿ, ಪಾತ್ರೆಪಗಡೆ, ಬಾಗಿಲ ಹಲಗೆಗಳು. ಎರಡನೆಯದಕ್ಕೆ ಬಾಗಿಲ ಚೌಕಟ್ಟು, ಕಂಬ, ತೊಲೆ. ಮೂರನೆಯದಕ್ಕೆ ಹೆಂಚು. ಚೌಕಟ್ಟುಗಳು ಹಲಸಿನ ಮರದವು, ಅವನ ಅಜ್ಜನ ಕಾಲದವು. ಅವನ್ನೆಲ್ಲ ಬಿಚ್ಚಿ, ಲಾರಿಗೆ ಅನುಕೂಲವಾಗಲೆಂದು, ಇಳಿಜಾರಿನ ಕೆಳಗೆ ರಸ್ತೆಯ ಪಕ್ಕದಲ್ಲಿ ಪೇರಿಸಿಟ್ಟಿದ್ದ.

ಮೊದಲ ಟ್ರಿಪ್ ಸಲೀಸಾಗಿ ಮುಗಿಯಿತು. ಎರಡನೆಯದಕ್ಕೆಂದು ಖಾಲಿ ಲಾರಿ ಹೊಡೆದುಕೊಂಡು ಬರುವಾಗ ಅವನ ಊರಿನ ಹತ್ತಿರದ ಇಳಿಜಾರಿನಲ್ಲಿ ಬ್ರೇಕ್ ತುಳಿದೆ. ಪೆಡಲು ತಳ ಮುಟ್ಟಿತು, ಲಾರಿ ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ರಸ್ತೆ ಬದಿಯ ಮಣ್ಣಿನ ಧರೆಗೆ ಲಾರಿಯ ಪಕ್ಕ ಉಜ್ಜಿಸಿ ನಿಲ್ಲಿಸಿದೆ. ಇಳಿದು ನೋಡಿದರೆ ಹಿಂದಿನ ಬಲಗಾಲಿಯ ಒಳಬದಿ ಬ್ರೇಕ್ ಆಯಿಲಿನಿಂದ ತೊಪ್ಪೆಯಾಗಿತ್ತು. ಆಯಿಲನ್ನು ಹಿಡಿದಿಡಬೇಕಾದ, ಬಟ್ಟಲಿನಂಥ ಪುಟ್ಟ ರಬ್ಬರ್ ಕಪ್ಪುಗಳು ಸವೆದು ಹೋಗಿದ್ದವು.

ರೈತ ತನ್ನ ಎರಡು ಎತ್ತು, ಅಣ್ಣನ ಎರಡು ಎತ್ತು ಕಟ್ಟಿ ಲಾರಿಯನ್ನು ಸಾಗರಕ್ಕೆ ಎಳೆಸಿದ. ದಾರಿಯಲ್ಲಿ ಕಂಡವರೆಲ್ಲ ನಕ್ಕರು. ಸಾಗರ ಮುಟ್ಟಿದ ಮೇಲೆ ಅವನು ಮೆಲ್ಲಗೆ ಕೇಳಿದ:

"ಭಟ್ರೆ, ಮರಾನ ನಾನು ಎತ್ತಿನ ಗಾಡೀಲಿ ಸ್ವಲ್ಪ ಸ್ವಲ್ಪ ಹೊಡ್ಕೊಳ್ಲಾ? ಹತ್ತ್ ದಿನ ಹಿಡೀಬೋದು, ಆದ್ರೂ ಹೊಡೀಬೋದು."

"ಎಂತಕ್ಕೆ ಮಾರಾಯ? ಎರಡೇ ದಿನ. ಲಾರಿ ರೆಡಿ ಮಾಡ್ತೀನಿ. ಆ ತೊಲೆ ನಿನ್ನ ಗಾಡೀಲಿ ಕೂರ್ತದಾ?"

ತೊಲೆ ಕೂರುತ್ತಿರಲಿಲ್ಲ, ನಿಜ. ಚೌಕಟ್ಟು ಕೂರುತ್ತಿತ್ತು. ಅದು ನನಗೆ ಗೊತ್ತಿತ್ತು. ನನ್ನ ಲಾರಿಯ ಕೆಲಸವನ್ನು ಎತ್ತಿನ ಗಾಡಿ ಮಾಡಿತೆಂದು ನಾಲ್ಕು ಜನ ಆಡಿಕೊಳ್ಳುವುದು ನನಗೆ ಬೇಡವಾಗಿತ್ತು. ಅವನು ನನ್ನ ಮಾತು ನಂಬಿ, ಎತ್ತುಗಳನ್ನು ಅಣ್ಣನ ಜೊತೆ ಹೊಸ ಜಾಗಕ್ಕೆ ಕಳಿಸಿ, ನನ್ನ ಸಹಾಯಕ್ಕೆಂದು ಸಾಗರದಲ್ಲೇ ಉಳಿದ.

ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಆ ಹಳೇ ಗಾಡಿಯ ಅಳತೆಗೆ ಕೂರುವ ಕಪ್ಪುಗಳನ್ನು ಹುಡುಕಿ ತಂದೆ. ಸಾಗರದ ಫಿಟ್ಟರ್ ಒಬ್ಬ ಕೆಲಸಕ್ಕೆ ಬಂದ. ಬಾಯಲ್ಲಿ ಎಲೆಯಡಿಕೆ, ಕೈ ಒರೆಸುವುದು ಉಟ್ಟ ಲುಂಗಿಗೇ. ಹೊಸ ಕಪ್ಪುಗಳನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿ ಹಾಗೇ ಕೂರಿಸಲು ಹೊರಟ. ನಾನು ತಡೆದೆ. "ತೊಳೆಯೋದು ಬೇಡ್ವೇನಯ್ಯ?"

"ಇದಕ್ಕೆ ಬ್ರೇಕ್ ಆಯಿಲ್ ಬಿಟ್ರೆ ಬೇರೆ ಎಂತದೂ ತಾಗಿಸ್ಬಾರ್ದು ಸ್ವಾಮಿ."

ಸೋಮಾರಿತನಕ್ಕೊಂದು ನೆಪ ಎಂದುಕೊಂಡೆ. ನಿನ್ನ ಕೆಲಸ ನನಗೆ ಆಗಿಬರುವುದಿಲ್ಲ ಎಂದು ಕಳಿಸಿಬಿಟ್ಟೆ. ಗಲೀಜು ಮನುಷ್ಯನಿಗೆ ಏನು ತಿಳಿದೀತು ಎಂಬ ಸೊಕ್ಕು ನನ್ನ ತಲೆಯಲ್ಲಿತ್ತು. ಅದು ಬರೀ ಲಾರಿಯಿಂದ ಬಂದ ಸೊಕ್ಕಲ್ಲ, ಹುಟ್ಟಿದ ಮನೆಯಿಂದಲೇ ಬಂದದ್ದು. ಬೇರಿಂಗುಗಳನ್ನು ತೊಳೆಯುವ ಹಾಗೆ ಒಂದೊಂದು ಕಪ್ಪನ್ನೂ ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದು, ಬಿಳಿ ಪಂಚೆಯ ತುಂಡಿನಲ್ಲಿ ಒರೆಸಿ, ನಾನೇ ಕೂರಿಸಿದೆ.

ಆಮೇಲೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ರೈತನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಅವನು ಬರಿಗಾಲಿನಲ್ಲಿ ಪೆಡಲು ತುಳಿಯುವುದು, ನಾನು ಗಾಲಿಯ ಹತ್ತಿರ ಮಲಗಿ ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಗೆ ಬಿಡುವುದು.

"ಒತ್ತು!"

"ಒತ್ತಿದೆ ಭಟ್ರೆ."

"ಹಾಗೇ ಹಿಡ್ಕ... ಈಗ ಬಿಡು!"

ಮಧ್ಯಾಹ್ನವೆಲ್ಲ ಇದೇ ನಡೆಯಿತು. ಕೊನೆಗೆ ಪೆಡಲು ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಅವನು ತನ್ನ ಮನೆಯೇ ಎದ್ದು ನಿಂತ ಹಾಗೆ ನಕ್ಕ.

ಮರುದಿನ ಅವನ ಊರಿಗೆ ಹೊರಟೆವು. ಐದಾರು ಮೈಲಿ ಹೋಗುವಷ್ಟರಲ್ಲಿ ಲಾರಿ ಎಳೆಯಲೊಲ್ಲದು. ಬ್ರೇಕು ತುಳಿಯದಿದ್ದರೂ ಗಾಲಿಗಳು ಹಿಡಿದುಕೊಳ್ಳುತ್ತಿದ್ದವು, ಡ್ರಮ್ಮಿನಿಂದ ಹೊಗೆ. ಮುಂದಿನ ಇಳಿಜಾರಿಗೆ ಬರುವಾಗ ಪೆಡಲು ಮತ್ತೆ ತಳಕ್ಕೆ. ಫಸ್ಟ್ ಗೇರಿನಲ್ಲಿ ತೆವಳಿಸಿಕೊಂಡು ಸಾಗರಕ್ಕೆ ವಾಪಸ್ಸು ತಂದೆ. ಬಿಚ್ಚಿದರೆ ಕಪ್ಪುಗಳು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ ಕುಳಿತಿದ್ದವು. ಅಂಗಡಿಯವನು ಖೋಟಾ ಮಾಲು ಕೊಟ್ಟನೆಂದು ಬೈದೆ. ಮತ್ತೆ ರೈಲು ಹತ್ತಿದೆ. ಬೇರೆ ಅಂಗಡಿಯಿಂದ ಬೇರೆ ಸೆಟ್ಟು ತಂದೆ. ಈ ಸಲ ಇನ್ನೂ ಜಾಗ್ರತೆಯಿಂದ ಎರಡೆರಡು ಸಲ ಸೀಮೆಎಣ್ಣೆಯಲ್ಲಿ ತೊಳೆದೆ.

ಇನ್ನೊಮ್ಮೆ ಬರೆದಿಡುತ್ತೇನೆ. ಎರಡೆರಡು ಸಲ ತೊಳೆದೆ.

ಅಷ್ಟರಲ್ಲಿ ಮಳೆ ಹಿಡಿದಿತ್ತು. ಮರುದಿನ ಸಾಗರ ದಾಟುವ ಮುಂಚೆಯೇ ಗಾಲಿಗಳು ಮತ್ತೆ ಹಿಡಿದುಕೊಂಡವು. ಅಲ್ಲೇ ಬಿಚ್ಚಿ ನೋಡಿದರೆ ಕಪ್ಪುಗಳು ಮತ್ತೆ ಉಬ್ಬಿದ್ದವು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟೆ. ರೈತ ಹೋಟೆಲಿನಿಂದ ಚಹಾ ತರಲು ಹೋದಾಗ, ದಾರಿಯಲ್ಲಿ ಹೋಗುತ್ತಿದ್ದ ಅದೇ ಫಿಟ್ಟರ್ ನಿಂತ. ನಾನು ಬಿಚ್ಚಿಟ್ಟ ಕಪ್ಪೊಂದನ್ನು ಎತ್ತಿ ಮೂಸಿದ. ಪಕ್ಕದಲ್ಲಿದ್ದ ಸೀಮೆಎಣ್ಣೆ ಡಬ್ಬಿಯತ್ತ ನೋಡಿದ.

"ಸೀಮೆಎಣ್ಣೇಲಿ ತೊಳೆದ್ರಾ? ಎರಡ್ ಸಲಾನೂ?"

ನಾನು ತಲೆಯಾಡಿಸಿದೆ.

"ಸೀಮೆಎಣ್ಣೆ ಕುಡಿದ್ರೆ ಈ ರಬ್ಬರು ಬಾತ್ಕೊಳ್ತದೆ ಸ್ವಾಮಿ. ನಾನು ಹೇಳಿದ್ನಲ್ಲ." ರೈತ ಹೋದ ದಿಕ್ಕನ್ನು ನೋಡಿ ದನಿ ತಗ್ಗಿಸಿದ. "ಅವ್ರಿಗೆ ಹೇಳೋದು ಬಿಡೋದು ನಿಮಗೆ ಸೇರಿದ್ದು."

ರೈತ ಚಹಾ ತಂದ. ನಾನು ಕುಡಿದೆ. ಹೇಳಲಿಲ್ಲ.

ಮೂರನೆಯ ಸೆಟ್ಟು ತಂದಾಗ ಫಿಟ್ಟರನ ಕೈಯಲ್ಲೇ ಹಾಕಿಸಿದೆ. ಸೀಮೆಎಣ್ಣೆ ಮುಟ್ಟಿದ ಪೈಪು, ಸಿಲಿಂಡರುಗಳನ್ನೆಲ್ಲ ಅವನು ಬ್ರೇಕ್ ಆಯಿಲಿನಲ್ಲೇ ತೊಳೆದ. ಎಲೆಯಡಿಕೆ ಜಗಿಯುತ್ತಲೇ, ಲುಂಗಿಗೆ ಕೈ ಒರೆಸುತ್ತಲೇ ಮುಗಿಸಿಕೊಟ್ಟ. ನಾನು ಎರಡು ದಿನ ಎಂದಿದ್ದೆ, ಅಂದಿಗೆ ಹದಿನಾಲ್ಕನೆಯ ದಿನ.

ಮರುದಿನ ಬೆಳಿಗ್ಗೆ ಹೊರಟೆವು. ಲಾರಿ ಹಗುರವಾಗಿ ಓಡಿತು. ಕೊನೆಯ ತಿರುವು ದಾಟಿ ಇಳಿಜಾರಿಗೆ ಬಂದರೆ ಮುಂದೆ ರಸ್ತೆ ನೀರಿನೊಳಗೆ ಹೋಗಿತ್ತು. ಬ್ರೇಕ್ ತುಳಿದೆ. ನೀರಿನಂಚಿಗೆ ಹತ್ತು ಮಾರು ದೂರದಲ್ಲಿ ಲಾರಿ ಗಪ್ಪನೆ ನಿಂತಿತು. ಅಷ್ಟು ಒಳ್ಳೆಯ ಬ್ರೇಕು ಆ ಲಾರಿಗೆ ಎಂದೂ ಇರಲಿಲ್ಲ.

ಮರ ಪೇರಿಸಿಟ್ಟ ಜಾಗ ಎಲ್ಲಿದೆಯೆಂದೇ ಗುರುತು ಹತ್ತಲಿಲ್ಲ. ದೂರದಲ್ಲಿ ಕಪ್ಪಗೆ ಏನೋ ತೇಲುತ್ತಿತ್ತು. ರೈತ ಇಳಿದು ಮೊಣಕಾಲುದ್ದದ ನೀರಿನವರೆಗೆ ಹೋಗಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಬಂದು ನನ್ನನ್ನೇ ಸಮಾಧಾನ ಮಾಡಿದ.

"ಹೋಗ್ಲಿ ಬಿಡಿ ಭಟ್ರೆ. ಲಾರಿ ಹಳೇದು, ನೀವೆಂತ ಮಾಡಕಾಗ್ತದೆ? ನೀವು ಪಟ್ಟ ಪಾಡು ನಾನು ನೋಡಿಲ್ವಾ?"

ಆಗಲಾದರೂ ಹೇಳಬೇಕಿತ್ತು. ಲಾರಿ ತಿರುಗಿಸಿದೆ.

ಮಳೆಗಾಲ ಕಳೆದ ಮೇಲೆ ಹೊಸನಗರದ ಕಡೆ ಹೋದಾಗ ಅವನ ಹೊಸ ಬಿಡಾರ ಕಂಡಿತು. ಮಣ್ಣಿನ ಗೋಡೆ, ಅಡಿಕೆ ಸೋಗೆ ಹೊದಿಸಿದ ಮಾಡು. ನಾನು ಮೊದಲ ಟ್ರಿಪ್ಪಿನಲ್ಲಿ ತಂದಿಳಿಸಿದ ದೊಡ್ಡ ಬಾಗಿಲು ಗೋಡೆಯ ತೆರವಿಗೆ ಅಡ್ಡಲಾಗಿ ಒರಗಿತ್ತು. ಕೂರಿಸಲು ಚೌಕಟ್ಟಿರಲಿಲ್ಲ. ಒಳಗಿನಿಂದ ಅವನ ಹೆಂಡತಿ ಅದನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ, ಪಕ್ಕಕ್ಕೆ ಸರಿಸಿ ಹೊರಗೆ ಬಂದಳು. ನಾನು ಅವರ ಮನೆಯ ನೀರು ಕುಡಿಯುವವನಲ್ಲ ಎಂದು ತಿಳಿದು ಬಾಳೆಹಣ್ಣು ಕೊಟ್ಟಳು.

ರೈತ ಅಂಗಳದಿಂದ ಲಾರಿಯ ಹತ್ತಿರ ಬಂದು ಗಾಲಿಯ ಕಡೆ ಬಗ್ಗಿ ನೋಡಿದ.

"ಬ್ರೇಕು ಈಗ ಸರಿ ಇದ್ಯಾ ಭಟ್ರೆ? ಮತ್ತೆ ತೊಂದ್ರೆ ಕೊಡ್ಲಿಲ್ಲ ಅಲ್ವಾ?"

"ಇಲ್ಲ," ಎಂದೆ. "ಸರಿ ಇದೆ."

ಹೊರಟು ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ನೋಡಿದೆ. ಅವಳು ಬಾಗಿಲನ್ನು ಮತ್ತೆ ತಬ್ಬಿಕೊಂಡು ಒಳಗೆ ಹೋಗುತ್ತಿದ್ದಳು.