ಅಮಾವಾಸ್ಯೆಯ ದಿನ ಸತ್ತ ಬೋರ್ಡು

ಮಹಾರಾಷ್ಟ್ರದ ನಿಲಂಗಾದಲ್ಲಿ ನಮ್ಮಪ್ಪನ ಹಿಟ್ಟಿನ ಗಿರಣಿಯಿದೆ. ಅದರ ಮುಂದಿನ ಅರ್ಧಕ್ಕೆ ತಗಡಿನ ಅಡ್ಡಗೋಡೆ ಹಾಕಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಇಬ್ಬರಿಗೂ ಒಂದೇ ಮೀಟರು, ಒಂದೇ ಮೇನ್ ಸ್ವಿಚ್ಚು. ಗೋಡೆಯ ಸಂದಿಯಿಂದ ಹಿಟ್ಟು ಬಂದು ನನ್ನ ಸಾಮಾನಿನ ಮೇಲೆ ಕೂರುತ್ತದೆ. ಅದಕ್ಕಾಗಿ ಅಪ್ಪನ ಮೇಲೆ ರೇಗದ ದಿನವಿಲ್ಲ. ನನ್ನದು ಮೊದಲಿನಿಂದಲೂ ಹರಕು ಬಾಯಿ.

ಕೋರ್ಟಿನ ಎದುರು ಕೂತು ಮರಾಠಿ ಅರ್ಜಿ ಟೈಪ್ ಮಾಡುವ ಹೆಣ್ಣುಮಗಳೊಬ್ಬಳು ಒಂದು ದಿನ ತನ್ನ ಹಳೆಯ ಕಂಪ್ಯೂಟರ್ ತಂದಳು. ನಮ್ಮ ಹಾಗೆ ಬೀದರ ಕಡೆಯವಳು, ಇಲ್ಲಿಯ ಹತ್ತಿರದ ವಲಾಂಡಿ ಊರಿಗೆ ಮದುವೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಬೇರೆಯವರ ಮೇಜಿನಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ತನ್ನದೇ ಒಂದು ಮೇಜು ಹಾಕಿಕೊಂಡಿದ್ದಳು. ಅವಳ ಟೈಪಿಂಗ್ ಪ್ರೋಗ್ರಾಂ ಆ ಒಂದು ಮದರ್‌ಬೋರ್ಡಿನ ಮೇಲೆ ಮಾತ್ರ ನಡೆಯುತ್ತಿತ್ತು. ಮಾರಿದವನು ಹಾಗೆ ಬೀಗ ಹಾಕಿ ಕೊಟ್ಟು, ಎಂದೋ ಅಂಗಡಿ ಮುಚ್ಚಿಕೊಂಡು ಹೋಗಿದ್ದ. ಅವಳ ಬೆರಳಿಗೆ ಗೊತ್ತಿದ್ದದ್ದು ಕೀಲಿಮಣೆಯ ಮೇಲೆ ಅದರ ಅಕ್ಷರಗಳ ಜಾಗವಷ್ಟೇ.

ಕೆಟ್ಟದ್ದು ಡಿಸ್ಕು. ಪ್ರೋಗ್ರಾಮಿನ ಸೀಡಿ ಅವಳ ಬಳಿಯೇ ಇತ್ತು. ಯಾವುದಾದರೊಂದು ಹಳೆಯ ಸಣ್ಣ ಡಿಸ್ಕು ಹಾಕಿದ್ದರೆ ಮುಗಿಯುತ್ತಿತ್ತು. ನನಗೆ ಜಾಣತನ ತೋರಿಸುವ ಚಟ. ದೊಡ್ಡ ಡಿಸ್ಕು ಹಾಕಿದೆ, ಬೋರ್ಡು ಅದನ್ನು ಗುರುತಿಸಲಿಲ್ಲ.

"ಬಯಾಸ್ ಅಪ್‌ಡೇಟ್ ಮಾಡಿದ್ರ ಬರೋಬರ್ ಆಗ್ತದ್ರಿ. ಎರಡ್ ಮಿನಿಟಿನ ಕೆಲಸ," ಅಂದೆ.

ಬಯಾಸ್ ಎಂದರೆ ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆದಿಟ್ಟ ಮೊದಲ ಪಾಠ. ಕರೆಂಟು ಬಂದ ಕೂಡಲೇ ಅದನ್ನು ಓದಿಕೊಂಡೇ ಬೋರ್ಡು ಏಳುವುದು. ಅದನ್ನು ಅಳಿಸಿ ಹೊಸದು ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡಿಗೆ ಏಳುವುದೇ ಮರೆತುಹೋಗುತ್ತದೆ. ಊರಿಗೆಲ್ಲ ಯುಪಿಎಸ್ ಮಾರುವ ನನ್ನ ಅಂಗಡಿಯಲ್ಲೇ ಯುಪಿಎಸ್‌ನ ಬ್ಯಾಟರಿ ಸತ್ತು ತಿಂಗಳಾಗಿತ್ತು. ದೀಪದ ಬುಡದಲ್ಲೇ ಕತ್ತಲೆ.

ಅವತ್ತು ಅಮಾವಾಸ್ಯೆ ಎಂಬುದು ನನಗೆ ನೆನಪಿರಲಿಲ್ಲ. ತಿರುಗುವ ಯಂತ್ರಕ್ಕೆ ವಿಭೂತಿ ಹಚ್ಚಬಾರದು ಎಂಬುದು ಅಪ್ಪನ ನೇಮ. ಪ್ರತಿ ಅಮಾವಾಸ್ಯೆಗೆ ಗಿರಣಿ ನಿಲ್ಲಿಸಿ, ಮೇನ್ ಸ್ವಿಚ್ಚು ಇಳಿಸಿ, ಕಲ್ಲು ಒರೆಸಿ, ವಿಭೂತಿ ಹಚ್ಚಿ ಕಾಯಿ ಒಡೆಯುತ್ತಾನೆ. ಸ್ವಿಚ್ಚಿಗೆ ಕೈ ಹಾಕುವ ಮುಂಚೆ ನನ್ನನ್ನು ಕೂಗಿ ಕೇಳುತ್ತಾನೆ. ಅವತ್ತೂ ಕೇಳಿದ.

"ಬಂದ್ ಮಾಡ್ಲೇನಪಾ?"

ಚಿಪ್ಪಿನ ಬರವಣಿಗೆ ಅರ್ಧಕ್ಕೆ ಬಂದಿತ್ತು. ಉಮರ್ಗಾದಲ್ಲಿ ಯಾರಿಗೂ ಬಗೆಹರಿಯದ ರಿಪೇರಿಯೊಂದನ್ನು ನಾನು ಮಾಡಿ ಬಂದ ಕಥೆಯನ್ನು ಆಕೆಗೆ ಹೇಳುತ್ತಿದ್ದೆ. ಗಿರಣಿಯ ಸದ್ದು ನಿಂತದ್ದೂ ಲಕ್ಷ್ಯಕ್ಕೆ ಬರಲಿಲ್ಲ. ಮಾತಿನ ನಡುವೆಯೇ "ಹೂಂ" ಅಂದೆ.

ಪರದೆ ಕಪ್ಪಾಯಿತು.

ಒಳಗೆ ನುಗ್ಗಿ ಕೂಗಾಡಿದೆ. "ಏನ್ ಮಾಡಿಟ್ಟಿ ಯಪ್ಪಾ! ಒಂದ್ ಮಾತು ಕೇಳಬಾರ್ದೇನು? ನಿನ್ನ ಪೂಜಾ ಸಲುವಾಗಿ ಒಬ್ಬಾಕಿ ಅನ್ನಕ್ಕ ಮಣ್ಣ ಹಾಕ್ದಿ!"

ಅಷ್ಟು ಹೊತ್ತಿಗೆ ನನ್ನ "ಹೂಂ" ನನಗೇ ನೆನಪಾಗಿತ್ತು. ಆದರೂ ಬಾಯಿ ನಿಲ್ಲಲಿಲ್ಲ. ಅಪ್ಪ ಕಾಯಿ ಹಿಡಿದು ನಿಂತಿದ್ದ. "ನಾ ಕೇಳಿದ್ನಲ್ಲಪಾ..." ಎಂದು ಶುರು ಮಾಡಿದವನು ನನ್ನ ಮುಖ ನೋಡಿ ತಡೆದ.

"ಕೇಳಿಲ್ಲೇನೋ. ವಯಸ್ಸಾತು. ನೆಪ್ಪ ಹೋಗ್ತದ," ಅಂದ. ಕಾಯಿ ಒಡೆಯಲಿಲ್ಲ.

ಆಮೇಲೆ ಎಂಟು ದಿನ ಆ ಬೋರ್ಡಿನ ಮುಂದೆ ಕೂತೆ. ಅದರ ಸೆಲ್ ತೆಗೆದು ಮತ್ತೆ ಹಾಕಿದೆ, ಜಂಪರ್ ಎಂಬ ಪುಟ್ಟ ಕೊಂಡಿಯ ಜಾಗ ಬದಲಿಸಿದೆ. ಚಿಪ್ಪಿಗೆ ಮತ್ತೆ ಬರೆಯಲು ಅಟ್ಟದಿಂದ ಫ್ಲಾಪಿ ಡ್ರೈವ್ ಇಳಿಸಿ ಜೋಡಿಸಿದೆ. ಅದರ ದೀಪ ಒಮ್ಮೆ ಹೊತ್ತಿದಾಗ ಉಸಿರು ಹಿಡಿದು ನೋಡಿದೆ. ಆರಿಹೋಯಿತು. ಉದಗೀರದ ಗುಜರಿಯಲ್ಲಿ ಅದೇ ಮಾದರಿಯ ಬೋರ್ಡು ಸಿಕ್ಕಿತು. ಅದರ ಚಿಪ್ಪು ಕಿತ್ತು ಇದಕ್ಕೆ ಕೂರಿಸುವಾಗ ಚಿಪ್ಪಿನ ಒಂದು ಕಾಲು ಮುರಿಯಿತು. ಫ್ಯಾನು ಮಾತ್ರ ಸುಮ್ಮನೆ ತಿರುಗುತ್ತಿತ್ತು.

ಆಕೆಗೆ ಬೇರೆ ಕಂಪ್ಯೂಟರ್ ಕೊಟ್ಟೆ. ಅದರಲ್ಲಿ ಅಕ್ಷರಗಳ ಜಾಗವೇ ಬೇರೆ; ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟು ಹೊತ್ತು ವಕೀಲರು ಕಾಯಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ತನ್ನ ಮೇಜು ಎತ್ತಬೇಕಾಯಿತು. ಮತ್ತೆ ಬೇರೆಯವರ ಮೇಜಿಗೆ ಹೋಗಿ ಕಾಗದ ಜೋಡಿಸಿಕೊಡುವ ಕೆಲಸಕ್ಕೆ ಕೂತಳು. ಅಪ್ಪ ಒಂದು ಡಬ್ಬಿ ಜೋಳದ ಹಿಟ್ಟು ಹೊತ್ತು ಅವಳಿದ್ದಲ್ಲಿಗೆ ಹೋಗಿ ತನ್ನದೇ ತಪ್ಪೆಂದು ಕೈ ಮುಗಿದು ಬಂದ. ನಾನು ತಡೆಯಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಕೆಲವು ದಿನಗಳಾದ ಮೇಲೆ ಕೋರ್ಟಿನ ಎದುರು ಆಕೆಯೇ ನನ್ನನ್ನು ನಿಲ್ಲಿಸಿದಳು.

"ನೀವು ಹೂಂ ಅಂದಿದ್ದು ನಾ ಕೇಳೀನ್ರಿ ಅಣ್ಣಾ. ನಿಮ್ಮಪ್ಪ, ಆ ಮುತ್ಯಾ, ನನ್ನ ಮುಂದ ಕೈ ಮುಗುದು ನಿಂತಾಗ, ಮಗಾ ಸುಳ್ಳ ಹೇಳ್ಯಾನಂತ ನಾ ಹ್ಯಾಂಗ ಹೇಳ್ಲಿ? ನನ್ನ ಮೇಜು ಹೋತು, ಹೋಗ್ಲಿ. ಅವರಿಗಿ ನೀವೇ ಹೇಳ್ರಿ."

"ಪಕ್ಕಾ ಹೇಳ್ತೀನ್ರಿ," ಅಂದೆ.

ಮರುದಿನವೇ ಅಮಾವಾಸ್ಯೆ. ಗಿರಣಿ ನಿಂತಿತು. ಈ ಸಲ ಅಪ್ಪ ಒಳಗಿಂದ ಕೂಗಲಿಲ್ಲ, ನನ್ನ ಬಾಗಿಲಿಗೇ ಬಂದು ನಿಂತ. ಕೈಗೆ ಹಿಟ್ಟು ಮೆತ್ತಿತ್ತು.

"ನೀನೇ ಬಂದ್ ಮಾಡಪಾ. ನಂಗ ನನ್ನ ನೆಪ್ಪಿನ ಮ್ಯಾಲ ಭರೋಸಾ ಇಲ್ಲ."

ಹೇಳುವುದಿದ್ದರೆ ಅದೇ ಹೊತ್ತು. ನಾನು ಎದ್ದು ಹೋಗಿ ಸ್ವಿಚ್ಚು ಇಳಿಸಿದೆ.

"ಆತೇನು?" ಅಪ್ಪ ಕೇಳಿದ.

"ಹೂಂ," ಅಂದೆ.