ಅಕ್ಕ ಹೊತ್ತುಕೊಳ್ಳದ ಹರಕೆ

ಮೇಲೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದಂದಿನಿಂದ ಗೂಡು ಬಿಡಿಸುವವರೆಗೆ ಮಾಂಸ ಬೇಯಿಸುತ್ತಿರಲಿಲ್ಲ. ಆ ವಾಸನೆ ಹುಳುವಿಗೆ ಆಗದು ಎಂಬ ನಂಬಿಕೆ. ಗೂಡು ಶಿಡ್ಲಘಟ್ಟಕ್ಕೆ ಮಾರಾಟಕ್ಕೆ ಹೋದ ಸಂಜೆ ಅಪ್ಪ ಮರಳುವಾಗ ಕುರಿಮಾಂಸ ತರುತ್ತಿದ್ದರು. ೧೯೬೧ರ ಮುಂಗಾರಿನ ಬೆಳೆ ಮುಗಿದ ಸಂಜೆಯೂ ತಂದರು. ಅಕ್ಕ ಮಾತ್ರ ಮುದ್ದೆಗೆ ಮಜ್ಜಿಗೆ ಹಾಕಿಸಿಕೊಂಡಳು. ನನ್ನ ಆ ದಿನದ ದಿನಚರಿಯಲ್ಲಿ ‘ಅಕ್ಕನಿಗೆ ಹೊಟ್ಟೆ ಸರಿಯಿಲ್ಲವೇನೋ’ ಎಂದಿದೆ. ಮುಂದಿನ ಮೂರು ಭಾನುವಾರಗಳಲ್ಲೂ ಅದೇ ಮಾತಿದೆ. ಆಮೇಲೆ ಹೊಟ್ಟೆಯ ಸುದ್ದಿ ಬಿಟ್ಟು ‘ಅಕ್ಕ ತಿನ್ನಲಿಲ್ಲ’ ಎಂದಷ್ಟೇ ಬರೆದಿದ್ದೇನೆ.

ನಾನು ಆಗ ಚಿಕ್ಕಬಳ್ಳಾಪುರದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಮಾಂಸ ಬಿಟ್ಟವರನ್ನು ಕಂಡಾಗಲೆಲ್ಲ ಕಾರಣ ಕೇಳಿ ಬರೆದುಕೊಳ್ಳುವ ಅಭ್ಯಾಸ ಹತ್ತಿತು. ಹನ್ನೊಂದು ಜನ ಸಿಕ್ಕರು. ಏಳು ಜನ ದೇವರಿಗಾಗಿ ಬಿಟ್ಟಿದ್ದರು. ತಾತ ತೀರಿಕೊಂಡ ಮೇಲೆ ನಮ್ಮ ಅಜ್ಜಿ ಬಿಟ್ಟಿದ್ದರು. ಗೌರಿಬಿದನೂರಿನ ಸೋದರಮಾವನಿಗೆ ಡಾಕ್ಟರು ಬಿಡಿಸಿದ್ದರು; ಅವರು ಮೂಳೆ ಕಡಿಯುವವರ ಬಾಯನ್ನೇ ನೋಡುತ್ತ ಕೂರುತ್ತಿದ್ದರು. ನಮ್ಮ ಮೇಷ್ಟರೊಬ್ಬರು ಅಹಿಂಸೆ ಎಂದರು. ಹನ್ನೊಂದನೆಯವಳು ಅಕ್ಕ. ಅವಳ ಹೆಸರಿನ ಮುಂದೆ ಬರೆಯಲು ಏನೂ ಸಿಗಲಿಲ್ಲ.

“ಬೇಡ ಅನ್ನಿಸ್ತು ಕಣೇ,” ಎಂದಳು.

“ಅದು ಕಾರಣ ಅಲ್ಲ.”

“ನಿನ್ ಪುಸ್ತಕಕ್ಕೆ ಸಾಲ್ದೇ ಇರ್ಬೋದು. ನಂಗೆ ಸಾಕು.”

ಮರುವರ್ಷ ಅಕ್ಕನ ಮದುವೆ ಅಂಬಾಜಿದುರ್ಗದ ಹತ್ತಿರದ ಒಂದು ಹಳ್ಳಿಯ ಮನೆಗೆ ಗೊತ್ತಾಯಿತು. ಹೊಲ, ಗದ್ದೆ, ಭಾವನಿಗೆ ಚಿಂತಾಮಣಿಯಲ್ಲಿ ಗುಮಾಸ್ತೆಯ ಕೆಲಸ. ಅಮ್ಮನಿಗೆ ಒಂದೇ ಯೋಚನೆ, ಬೀಗರೂಟ. ಮದುವೆಯ ನಂತರ ಎರಡೂ ಕಡೆಯವರು ಕೂತು ಮಾಂಸದೂಟ ಮಾಡುವಾಗ ಅತ್ತೆಯಾದವಳೇ ಬಂದು ಸೊಸೆಗೆ ಮೊದಲ ತುಂಡು ಬಡಿಸುತ್ತಾಳೆ. ಬೇಡ ಎಂದರೆ ಸಂಬಂಧವೇ ಬೇಡ ಎಂದಂತೆ. ಆ ದಿನ ಅಕ್ಕನ ಅತ್ತೆ ಸೌಟು ಹಿಡಿದು ಎಲೆಯ ಮುಂದೆ ಬಂದು ನಿಂತಾಗ, ಅಕ್ಕ ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿಬಿಟ್ಟರು: “ತಿಮ್ಮಪ್ಪನಿಗೆ ಹರಕೆ ಹೊತ್ತವ್ಳೆ ಬೀಗಿತ್ತಮ್ಮ. ಒಂದ್ ವರ್ಷ ಮುಟ್ಟಂಗಿಲ್ಲ.”

ಅತ್ತೆ ಕೂಡಲೇ ಸೌಟು ಹಿಂದಕ್ಕೆ ಎಳೆದುಕೊಂಡರು. “ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಏಮಮ್ಮಾ, ಮೊಸರು ಇಕ್ಕಲಾ?”

ಎಲ್ಲ ಸಲೀಸಾಗಿ ಮುಗಿಯಿತೆಂದು ಅಮ್ಮ ತಿಳಿದರು. ಆದರೆ ಹರಕೆ ಎಂದ ಮೇಲೆ ಅದನ್ನು ತೀರಿಸಬೇಕಲ್ಲ. ಅತ್ತೆ ಒಳ್ಳೆಯವರು, ಅದೇ ತೊಂದರೆಯಾಯಿತು. ಅಕ್ಕನ ಸಾರಿಗೆ ಬೇರೆ ಗಡಿಗೆ, ಬೇರೆ ಸೌಟು ಇಟ್ಟರು. ಸ್ನಾನ ಮಾಡಿಯೇ ಅದನ್ನು ಬೇಯಿಸುತ್ತಿದ್ದರು. ಹಳದಿ ಬಟ್ಟೆಯಲ್ಲಿ ಶನಿವಾರಕ್ಕೊಂದು ಕಾಸು ಹಾಕಿ ದೇವರ ಗೂಡಿನಲ್ಲಿ ಮುಡುಪು ಕಟ್ಟಿಟ್ಟರು. ವರ್ಷ ತುಂಬುತ್ತಿದ್ದಂತೆ ತಿರುಪತಿಗೆ ಹೊರಡುವ ದಿನ ಗೊತ್ತುಮಾಡಿ, ಬಂದ ಮೇಲೆ ನೆಂಟರಿಗೆಲ್ಲ ಊಟ ಎಂದೂ ಸಾರಿದರು. ಸೊಸೆ ಎಲ್ಲರ ಎದುರು ಮೊದಲ ತುಂಡು ತಿನ್ನುವ ಊಟ.

ಹೊರಡುವ ಹಿಂದಿನ ದಿನ ನಾನು ರಜೆಗೆಂದು ಅಲ್ಲಿದ್ದೆ. ಮಧ್ಯಾಹ್ನ ಅತ್ತೆ ಬುತ್ತಿಗೆ ಪುಳಿಯೋಗರೆ ಕಲಸುತ್ತಿದ್ದರು. ಅಕ್ಕ ಎದುರಿಗೆ ಕೂತಳು.

“ಅತ್ತೆ, ನಾನು ಹರಕೆ ಹೊತ್ತಿಲ್ಲ. ಅಮ್ಮ ಸುಮ್ನೆ ಹೇಳಿದ್ದು. ನಂಗೆ ಬೇಡ ಅನ್ನಿಸ್ತು, ಬಿಟ್ಟೆ. ಇನ್ ಮುಂದಕ್ಕೂ ತಿನ್ನಲ್ಲ.”

ಅತ್ತೆಯ ಕೈ ನಿಂತಿತು. “ಕೊಯ್ಯೋದ್ ನೋಡಿ ಹೆದ್ರಿದ್ಯಾ?”

“ಇಲ್ಲ.”

“ಯಾರಾದ್ರೂ ಸ್ವಾಮಿಗಳು ಹೇಳಿದ್ರಾ?”

“ಇಲ್ಲ.”

“ನನ್ ಕೈ ಅಡುಗೆ ಸೇರಲ್ವಾ?”

“ಅಯ್ಯೋ, ಇಲ್ಲತ್ತೆ. ನಮ್ಮನೇಲಿದ್ದಾಗ್ಲೇ ಬಿಟ್ಟಿದ್ದು.”

ಅವರೂ ನನ್ನ ಹಾಗೆಯೇ ಒಂದೊಂದೇ ಕಾರಣ ಇಟ್ಟು ನೋಡುತ್ತಿದ್ದರು. ಯಾವುದೂ ಹೊಂದಲಿಲ್ಲ.

“ಮತ್ತೆ ವರ್ಷವೆಲ್ಲ ನಾನು ಮಡೀಲಿ ಬೇಯ್ಸಿದ್ದು ಯಾರಿಗಮ್ಮ? ದೇವ್ರಿಗೆ ಅಂತ ಮಾಡ್ದೆ.”

“ನಾನು ತಿಂದೆ ಅತ್ತೆ. ಚೆನ್ನಾಗಿತ್ತು.”

ಅತ್ತೆ ಅನ್ನ ಪೂರ್ತಿ ಕಲಸಿ ಕೈ ತೊಳೆದರು. ಆಮೇಲೆ ಹೇಳಿದರು: “ನಿಮ್ಮಮ್ಮ ಒಂದೇ ವರ್ಷ ಅಂತ ಯಾಕ್ ಹೇಳ್ಬೇಕಿತ್ತು? ಇಪ್ಪತ್ ವರ್ಷ ಅಂದಿದ್ರೆ ಅಷ್ಟೊತ್ಗೆ ನಾನೇ ಇರ್ತಿರ್ಲಿಲ್ಲ.”

ಅಕ್ಕ ನಕ್ಕಳು. ಅವರು ನಗಲಿಲ್ಲ.

“ನಾಳೆ ಹೋಗೋದು ಬೇಡ್ವಾ ಹಂಗಾದ್ರೆ?” ಎಂದು ನಾನು ಕೇಳಿದೆ.

“ಯಾಕ್ ಬೇಡ? ಮುಡುಪು ಕಟ್ಟಿದ್ದು ನಾನು. ನಾನೇನು ಸುಳ್ ಹೇಳಿಲ್ವಲ್ಲ.”

ಹೋಗಿ ಬಂದೆವು. ದಾರಿಯಲ್ಲಿ ಅವರು ಅಕ್ಕನ ಜೊತೆ ಹೆಚ್ಚು ಮಾತಾಡಲಿಲ್ಲ. ಊಟದ ದಿನ ನಲವತ್ತಕ್ಕೂ ಹೆಚ್ಚು ಎಲೆ ಬಿದ್ದವು. ಅಕ್ಕ ಭಾವನ ಪಕ್ಕ ಕೂತಿದ್ದಳು. ಅತ್ತೆ ಸೌಟು ಹಿಡಿದು ಸಾಲಿನ ತುದಿಯಿಂದ ಬಡಿಸುತ್ತ ಬಂದರು. ಅವರು ಏನು ಮಾಡುತ್ತಾರೆಂದು ಅಕ್ಕನಿಗೂ ಗೊತ್ತಿರಲಿಲ್ಲ. ಅಕ್ಕನ ಎಲೆ ದಾಟಿ ಭಾವನಿಗೆ ಬಡಿಸಿದರು.

“ಸೊಸೆಗೆಲ್ಲಿ ಅಕ್ಕಾ?” ಎಂದು ಸಾಲಿನಲ್ಲಿದ್ದ ಅವರ ತಮ್ಮ ಕೇಳಿದರು.

“ಅವ್ಳಿಗೆ ಇನ್ನೊಂದ್ ಹರಕೆ ಐತೆ.”

“ಇಲ್ಲ ಮಾವ,” ಎಂದಳು ಅಕ್ಕ. “ಹರಕೆ ಏನಿಲ್ಲ. ನಾನು ತಿನ್ನಲ್ಲ, ಅಷ್ಟೇ.”

ಭಾವ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಎಲ್ಲರೂ ಅತ್ತೆಯ ಮುಖ ನೋಡಿದರು.

“ಕೇಳಿಸ್ತಲ್ಲ?” ಎಂದರು ಅತ್ತೆ, ತಮ್ಮನಿಗೆ. “ತಿನ್ನಲ್ವಂತೆ.”

“ಆಯ್ತು ಬಿಡಕ್ಕ. ಆ ತುಂಡು ಈ ಕಡೆ ಬರ್ಲಿ.”

ಆ ತುಂಡು ಅವರ ಎಲೆಗೆ ಬಿತ್ತು. ಅತ್ತೆ ಒಳಗೆ ಹೋಗಿ ಬೇಳೆಸಾರಿನ ಗಡಿಗೆ ತಂದು ಅಕ್ಕನಿಗೆ ಬಡಿಸಿದರು. ಅದನ್ನು ಬೆಳಿಗ್ಗೆಯೇ ಮಾಡಿಟ್ಟಿದ್ದರು.